ಬಲೆ ಕಟ್ಟುವ ಮುನ್ನ ಬಿಚ್ಚುವ ಯೋಚನೆ

ಹೀರೆ ಬಳ್ಳಿಯ ಕಾಲ ಮುಗಿದ ಮೇಲೆ ತಾರಸಿಯಲ್ಲಿ ಒಂದು ಉಂಡೆ ಉಳಿಯುತ್ತದೆ. ಅರ್ಧ ಒಣ ಬಳ್ಳಿ, ಅರ್ಧ ಅದನ್ನು ಹಬ್ಬಿಸಿದ ಬಲೆಯ ನೈಲಾನ್ ದಾರ. ಹಸಿ ಕಸದ ಬಕೆಟ್ಟಿಗೆ ಹಾಕಿದರೆ ಪೌರಕಾರ್ಮಿಕರು ಒಯ್ಯುವುದಿಲ್ಲ, ಒಣ ಕಸದ ಚೀಲಕ್ಕೆ ತುರುಕಿದರೂ ಒಯ್ಯುವುದಿಲ್ಲ. ಎರಡು ಸಲವೂ ಅವರದೇ ಸರಿ. ಕೊನೆಗೆ ಅದು ನೀರಿನ ಟ್ಯಾಂಕಿನ ಹಿಂದಿನ ಮೂಲೆ ಸೇರುತ್ತದೆ, ಇಲ್ಲವೇ ಪಕ್ಕದ ಖಾಲಿ ಸೈಟಿನಲ್ಲಿ ಬೆಂಕಿಗೆ ಬಿದ್ದು ಇಡೀ ಬೀದಿಗೆ ಪ್ಲಾಸ್ಟಿಕ್ ಹೊಗೆ ಕುಡಿಸುತ್ತದೆ. ಕೊಂಡಾಗ ಪ್ಯಾಕೆಟ್ಟಿನ ಮೇಲೆ ‘ಮತ್ತೆ ಮತ್ತೆ ಬಳಸಬಹುದು’ ಎಂದಿತ್ತು. ಅದೇನೂ ಸುಳ್ಳಲ್ಲ. ಒಳ್ಳೆಯ ಬಲೆ ಹಲವು ಬೆಳೆ ತಾಳುತ್ತದೆ. ಆದರೆ ಹಾಗೆ ತಾಳಬೇಕಾದರೆ ಕಟ್ಟುವ ದಿನವೇ ಬಿಚ್ಚುವ ದಿನದ ಯೋಚನೆ ಇರಬೇಕು. ಬಲೆ ಮಾರುವವರು ಅದನ್ನು ಹೇಳುವುದಿಲ್ಲ; ಹೇಳಬೇಕಾದ ಗರಜೂ ಅವರಿಗಿಲ್ಲ.

ನರ್ಸರಿಗಳಲ್ಲಿ, ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಮಳಿಗೆಗಳಲ್ಲಿ, ಆನ್‌ಲೈನ್ ಅಂಗಡಿಗಳಲ್ಲಿ ಇದಕ್ಕೆ ‘ಕ್ರೀಪರ್ ನೆಟ್’ ಎಂದೇ ಹೆಸರು. ಬಿಳಿಯದೋ ಹಸಿರಿನದೋ ದಾರ, ಅಂಗೈ ಅಗಲದ ಕಣ್ಣು, ಮಡಚಿದರೆ ಜೇಬಿಗೆ ಹೋಗುವಷ್ಟು ಹಗುರ. ಗಂಟೆಯೊಳಗೆ ತೂಗುಹಾಕಬಹುದು. ಬಾಡಿಗೆ ಮನೆಯವರಿಗೆ, ಗ್ರೋ ಬ್ಯಾಗಿನಲ್ಲಿ ತರಕಾರಿ ಬೆಳೆಯುವವರಿಗೆ ಇದಕ್ಕಿಂತ ಅನುಕೂಲದ್ದು ಇನ್ನೊಂದಿಲ್ಲ. ಹಾಗಿದ್ದೂ ನಮ್ಮ ಹಳ್ಳಿಗಳಲ್ಲಿ ಆಸರೆ ಬೇಕಾದ ತರಕಾರಿ ಬೆಳೆಯುವವರು ಬಲೆಯನ್ನು ಅಷ್ಟಾಗಿ ಹಚ್ಚಿಕೊಂಡಿಲ್ಲ. ಕೋಲಾರದ ಕಡೆ ಟೊಮೆಟೊ ಹೊಲಗಳಲ್ಲಿ ಇವತ್ತಿಗೂ ಸಾಲಾಗಿ ನೀಲಗಿರಿ ಕೋಲು, ಅದರ ಮೇಲೆ ತಂತಿ, ತಂತಿಯಿಂದ ಗಿಡಕ್ಕೆ ಸುತಳಿ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ ಮೇಲೂ ಕೋಲಿನ ಮೋಹ ಹೋಗಿಲ್ಲ. ಅಲ್ಲಿನ ಬೆಳೆಗಾರರೊಬ್ಬರನ್ನು ‘ಅಣ್ಣಾ, ನೀವ್ಯಾಕೆ ಬಲೆ ಹಾಕಲ್ಲ?’ ಎಂದು ಕೇಳಿದ್ದೆ. ‘ಹಾಕೋಕೇನು, ಹಾಕ್ಬೋದು. ಬಿಚ್ಚೋ ಕೂಲಿ ನೀವು ಕೊಡ್ತೀರಾ ಸ್ವಾಮಿ?’ ಎಂದರು. ಕೋಲು ಕಿತ್ತರೆ ಮುಂದಿನ ಬೆಳೆಗೆ ಬಂತು, ಸುತಳಿ ಹರಿದರೆ ಮಣ್ಣಿಗೆ ಹೋಯಿತು. ಬಲೆಯಿಂದ ಬಳ್ಳಿ ಬಿಡಿಸುವುದಕ್ಕೆ ಆಳು ಕೂರಿಸಬೇಕು. ಲೆಕ್ಕ ಅವರದು ಸರಿಯಾಗಿದೆ. ಮನೆಯ ಕೈತೋಟದ ಲೆಕ್ಕ ಬೇರೆ; ಇಲ್ಲಿ ಕೂಲಿ ನಮ್ಮದೇ, ಭಾನುವಾರವೂ ನಮ್ಮದೇ.

ಬಿಡಿಸುವುದು ಏಕೆ ಅಷ್ಟು ಕಷ್ಟ ಎಂಬುದು ತಿಳಿಯಬೇಕಾದರೆ ಬಳ್ಳಿ ಹಿಡಿಯುವುದು ಹೇಗೆ ಎಂದು ನೋಡಬೇಕು. ನಮ್ಮ ತರಕಾರಿ ಬಳ್ಳಿಗಳಲ್ಲಿ ಎರಡು ಜಾತಿಯ ಹತ್ತುಗಾರರಿದ್ದಾರೆ. ಬೀನ್ಸ್, ಅಲಸಂದೆ, ಅವರೆ, ಬಸಳೆ ಇವೆಲ್ಲ ತಮ್ಮ ಕಾಂಡವನ್ನೇ ಆಸರೆಗೆ ಸುತ್ತಿಕೊಂಡು ಏರುತ್ತವೆ. ಬೀನ್ಸ್ ಬಳ್ಳಿಯನ್ನು ಮೇಲಿನಿಂದ ನೋಡಿದರೆ ಯಾವಾಗಲೂ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿಯೇ ಸುತ್ತಿರುತ್ತದೆ. ಸಹಾಯ ಮಾಡುವ ಉತ್ಸಾಹದಲ್ಲಿ ನೀವು ಇನ್ನೊಂದು ಕಡೆಗೆ ಸುತ್ತಿ ಬಂದರೆ ಅದು ಬಿಚ್ಚಿಕೊಂಡು ತನ್ನ ದಾರಿಗೇ ಬರುತ್ತದೆ. ಹೀರೆ, ಹಾಗಲ, ಪಡವಲ, ಸೋರೆ, ಸೌತೆ, ತೊಂಡೆ, ಮಡಹಾಗಲ ಇವು ಇನ್ನೊಂದು ಬಗೆ. ಎಲೆಯ ಬುಡದಿಂದ ತಂತಿಯಂಥ ಎಳೆಗಳನ್ನು ಚಾಚಿ, ಸಿಕ್ಕಿದ್ದನ್ನು ಹಿಡಿದು, ಸುರುಳಿಯಾಗಿ ಬಿಗಿದುಕೊಳ್ಳುತ್ತವೆ. ಬಟಾಣಿಯದೂ ಇದೇ ದಾರಿ, ಆದರೆ ಅದರ ಸುರುಳಿಕುಡಿ ಹೊರಡುವುದು ಎಲೆಯ ತುದಿಯಿಂದ. ಅದು ಬಲು ಸಣ್ಣದು, ಹೆಬ್ಬೆರಳು ಗಾತ್ರದ ಬಿದಿರನ್ನು ತಬ್ಬಲು ಅದಕ್ಕೆ ಆಗುವುದಿಲ್ಲ. ಬಟಾಣಿಗೆ ದಾರವೇ ಬೇಕು. ಬಲೆ ನಿಜವಾಗಿ ಹುಟ್ಟಿದ್ದು ಸುರುಳಿಕುಡಿಯ ಬಳ್ಳಿಗಳಿಗಾಗಿ ಎಂದರೂ ನಡೆದೀತು. ಸುತ್ತಿ ಹತ್ತುವ ಬೀನ್ಸಿಗೆ ಒಂದೇ ಒಂದು ಹುರಿ ಇಳಿಬಿಟ್ಟರೂ ಸಾಕು.

ಈ ಸುರುಳಿಕುಡಿಯ ಮುಂದೆ ತಿಂಗಳುಗಟ್ಟಲೆ ಕೂತವನು ಚಾರ್ಲ್ಸ್ ಡಾರ್ವಿನ್. ಅಮೆರಿಕದ ಸಸ್ಯಶಾಸ್ತ್ರಜ್ಞ ಏಸಾ ಗ್ರೇ ಕುಡಿಗಳ ಚಲನೆಯ ಬಗ್ಗೆ 1858ರಲ್ಲಿ ಒಂದು ಚಿಕ್ಕ ಟಿಪ್ಪಣಿ ಬರೆದಿದ್ದ. ಆಮೇಲೆ ಸೌತೆಯ ಸಂಬಂಧಿಯಾದ ಒಂದು ಕಾಡುಬಳ್ಳಿಯ ಬೀಜವನ್ನೂ ಡಾರ್ವಿನ್ನನಿಗೆ ಕಳಿಸಿದ. ಕಾಯಿಲೆ ಬಿದ್ದು ಮನೆಯೊಳಗೇ ಇದ್ದ ಡಾರ್ವಿನ್, ಆ ಬಳ್ಳಿಯನ್ನು ಕುಂಡದಲ್ಲಿ ಬೆಳೆಸಿ, ಅದು ಬೀಸುತ್ತಾ ಬೀಸುತ್ತಾ ಆಸರೆ ಹುಡುಕುವುದನ್ನು ನೋಡುತ್ತ ಕೂತ. 1865ರಲ್ಲಿ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಅದು ದೊಡ್ಡ ಪ್ರಬಂಧವಾಗಿ ಬಂತು, 1875ರಲ್ಲಿ ತಿದ್ದಿ ಬೆಳೆಸಿದ ಪುಸ್ತಕವಾಯಿತು. ಒಂದು ಜಾತಿಯ ಪ್ಯಾಶನ್ ಹೂವಿನ ಬಳ್ಳಿಯ ಕುಡಿಯನ್ನು ಕಡ್ಡಿಯಿಂದ ಮುಟ್ಟಿದರೆ ಅರ್ಧ ನಿಮಿಷದ ಆಸುಪಾಸಿನಲ್ಲೇ ಅದು ಬಾಗತೊಡಗುವುದನ್ನು ಅವನು ಗುರುತಿಸಿದ. ಕಡ್ಡಿಗೆ ಬಾಗುವ ಅದೇ ಕುಡಿ ಮಳೆಹನಿ ಬಿದ್ದರೆ ಮಾತ್ರ ಅಲ್ಲಾಡುವುದಿಲ್ಲ ಎಂಬುದನ್ನೂ ಬರೆದ. ನೀರಿಗೆಲ್ಲ ಬಾಗುತ್ತ ಹೋದರೆ ಮಳೆಗಾಲದಲ್ಲಿ ಬಳ್ಳಿಯ ಗತಿ ಏನಾದೀತು!

ಸೌತೆಯ ಕುಡಿಯನ್ನು ಹತ್ತಿರದಿಂದ ನೋಡಿ. ತುದಿ ಬಲೆಯ ದಾರಕ್ಕೆ ಎರಡು ಮೂರು ಸುತ್ತು ಹಾಕಿಕೊಂಡಿರುತ್ತದೆ. ಬುಡ ಕಾಂಡದಲ್ಲಿ. ನಡುವಿನ ಉದ್ದವೆಲ್ಲ ಸ್ಪ್ರಿಂಗ್ ಆಗಿರುತ್ತದೆ, ಆದರೆ ಆ ಸ್ಪ್ರಿಂಗ್ ಒಂದೇ ದಿಕ್ಕಿಗೆ ತಿರುಗಿರುವುದಿಲ್ಲ. ಅರ್ಧ ದೂರ ಬಲಕ್ಕೆ ಸುತ್ತಿ, ನಡುವೆ ಒಂದಿಷ್ಟು ನೇರವಾಗಿ, ಉಳಿದ ಅರ್ಧ ಎಡಕ್ಕೆ ಸುತ್ತಿರುತ್ತದೆ. ಎರಡೂ ತುದಿ ಕಟ್ಟಿಹಾಕಿಕೊಂಡಿರುವ ಎಳೆ ಸುರುಳಿಯಾಗಬೇಕಾದರೆ ಅದಕ್ಕೆ ಬೇರೆ ದಾರಿಯೇ ಇಲ್ಲ. ಒಂದು ಕಡೆಯ ತಿರುಚು ಇನ್ನೊಂದು ಕಡೆಯದಕ್ಕೆ ವಜಾ ಆಗಬೇಕು. 2012ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಎಲ್. ಮಹಾದೇವನ್ ಮತ್ತು ಸಂಗಡಿಗರು ಈ ಸೌತೆಕುಡಿಯನ್ನೇ ಸೀಳಿ ನೋಡಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಕುಡಿಯೊಳಗೆ ಎರಡು ಪದರದ ಒಂದು ನಾರಿನ ಪಟ್ಟಿ ಇದೆ, ಅದರಲ್ಲಿ ಒಳಪದರ ಹೊರಪದರಕ್ಕಿಂತ ಹೆಚ್ಚು ಕುಗ್ಗುತ್ತದೆ, ಆ ಕುಗ್ಗುವಿಕೆಯೇ ಸುರುಳಿ ಮಾಡುತ್ತದೆ ಎಂದು ತೋರಿಸಿದರು. ಅವರು ಕಂಡ ಇನ್ನೊಂದು ಸಂಗತಿ ನಮಗೆ ಹೆಚ್ಚು ಬೇಕಾದದ್ದು. ಬಲಿತ ಕುಡಿಯ ಎರಡು ತುದಿ ಹಿಡಿದು ಎಳೆದರೆ ಅದು ತಕ್ಷಣ ಬಿಚ್ಚಿಕೊಳ್ಳುವುದಿಲ್ಲ. ಮೊದಲು ಇನ್ನಷ್ಟು ಸುತ್ತು ಹಾಕಿಕೊಳ್ಳುತ್ತದೆ. ಇನ್ನೂ ಜೋರಾಗಿ ಎಳೆದ ಮೇಲಷ್ಟೇ ಸಡಿಲುತ್ತದೆ.

ಬೆಳೆ ಮುಗಿದ ದಿನ ಬಲೆ ಹಿಡಿದು ಜಗ್ಗುವವರಿಗೆ ಇದು ಗೊತ್ತಿರಲಿ. ಆಸರೆ ಸಿಗದ ಕುಡಿ ಬಾಡಿ ಉದುರುತ್ತದೆ. ಆಸರೆ ಸಿಕ್ಕಿದ ಕುಡಿ ದಪ್ಪವಾಗಿ, ನಾರಾಗಿ, ಕಟ್ಟಿಗೆಯಷ್ಟು ಗಟ್ಟಿಯಾಗುತ್ತದೆ. ಬಳ್ಳಿ ಸತ್ತ ಮೇಲೂ ಅದರ ಹಿಡಿತ ಸಾಯುವುದಿಲ್ಲ. ಬಲೆ ಎಳೆದರೆ ಹರಿಯುವುದು ದಾರವೇ ಹೊರತು ಕುಡಿಯಲ್ಲ.

ಇನ್ನು ಕೊಳ್ಳುವ ವಿಷಯ. ಮೊದಲು ನೋಡಬೇಕಾದದ್ದು ಕಣ್ಣಿನ ಅಳತೆ. 15 ಸೆಂಟಿಮೀಟರ್ ಅಥವಾ ಆರು ಇಂಚಿನ ಚೌಕದ ಕಣ್ಣು ತರಕಾರಿಗೆ ಹದವಾದದ್ದು. ಪಾಲಿಹೌಸುಗಳಲ್ಲಿ ಕಾರ್ನೇಷನ್ ಹೂವಿನ ಗಿಡ ಬೀಳದಂತೆ ಅಡ್ಡಡ್ಡಲಾಗಿ ಹಾಸುವುದೂ ಹೆಚ್ಚುಕಡಿಮೆ ಇಂಥದೇ ಬಲೆ. ನಿಮ್ಮ ಕೈ ಮುಷ್ಟಿ ಕಟ್ಟಿದಂತೆಯೇ ಕಣ್ಣಿನೊಳಗೆ ಹೋಗಿ, ಆ ಕಡೆಯ ಹೀರೆಕಾಯಿ ಹಿಡಿದುಕೊಂಡು ವಾಪಸು ಬರಬೇಕು. ಸಣ್ಣ ಕಣ್ಣಿನ ಬಲೆ ಹೆಚ್ಚು ಗಟ್ಟಿ ಎಂದುಕೊಂಡು ಪಾರಿವಾಳ ತಡೆಯುವ ಬಲೆಯನ್ನೇ ಬಳ್ಳಿಗೆ ಕಟ್ಟುವವರಿದ್ದಾರೆ. ಅದರಲ್ಲಿ ಎಳೆ ಸೌತೆಮಿಡಿ ಕಣ್ಣಿನೊಳಗೆ ತೂರಿ, ಅಲ್ಲಿಯೇ ಬೆಳೆದು, ಸೊಂಟಕ್ಕೆ ದಾರ ಬಿಗಿದುಕೊಂಡು ಕೂರುತ್ತದೆ. ಅದನ್ನು ತೆಗೆಯಲು ಕಾಯಿ ಕತ್ತರಿಸಬೇಕು, ಇಲ್ಲ ಬಲೆ ಕತ್ತರಿಸಬೇಕು.

ಸಣ್ಣ ಕಣ್ಣಿನ ಬಲೆಗೆ ಇನ್ನೂ ದೊಡ್ಡ ದೋಷವೊಂದಿದೆ. ಇಲಿಯ ಜಾಡು ಹಿಡಿದು ಬರುವ ಕೇರೆ ಹಾವು ಅದರೊಳಗೆ ತಲೆ ತೂರಿಸುತ್ತದೆ, ಮುಂದಕ್ಕೆ ಹೋಗುತ್ತದೆ, ಮೈ ದಪ್ಪವಾದ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಹುರುಪೆಗಳು ಹಿಂದಕ್ಕೆ ಬಾಗಿರುವುದರಿಂದ ಅದಕ್ಕೆ ಹಿಂದೆ ಸರಿಯಲು ಆಗುವುದಿಲ್ಲ. ಹೊರಳಾಡಿದಷ್ಟೂ ದಾರ ಚರ್ಮದೊಳಗೆ ಇಳಿಯುತ್ತದೆ. ಕರಾವಳಿಯಲ್ಲಿ ಹಳೆಯ ಮೀನುಬಲೆಯನ್ನು ತರಕಾರಿ ಹಿತ್ತಲಿಗೆ ಬೇಲಿಯಾಗಿ ಸುತ್ತುವ ರೂಢಿ ಇದೆ, ಬಲೆಯ ಮರುಬಳಕೆ ಎಂದರೆ ಇದೇ ತಾನೇ ಎಂದು ಯಾರಾದರೂ ಮೆಚ್ಚಿಕೊಂಡಾರು. ಅದರಲ್ಲಿ ಸಿಕ್ಕಿದ ಹಾವನ್ನು ಬಿಡಿಸುವುದು ಉರಗ ರಕ್ಷಕರಿಗೆ ಮಾಮೂಲು ಕೆಲಸವಾಗಿಬಿಟ್ಟಿದೆ. ಹಾಗಾಗಿ ಬಲೆಯ ಕೆಳ ಅಂಚು ನೆಲದಿಂದ ಒಂದು ಗೇಣಾದರೂ ಮೇಲಿರಲಿ. ಬಳ್ಳಿಗೆ ಅದರಿಂದ ತೊಂದರೆಯಿಲ್ಲ. ಬುಡದಿಂದ ಬಲೆಯವರೆಗೆ ಒಂದು ತುಂಡು ಹುರಿ ಕಟ್ಟಿಕೊಟ್ಟರೆ ಅದು ಏರಿಹೋಗುತ್ತದೆ. ಬೆಳೆ ಇಲ್ಲದಾಗ ಬಲೆಯನ್ನು ಸುಮ್ಮನೆ ನೆಲದ ಮೇಲೆ ಹರಡಿ ಬಿಡಬಾರದು. ಹಾವು ಸಿಕ್ಕಿಕೊಂಡದ್ದು ಕಂಡರೆ ಬಲೆ ಎಳೆಯಬೇಡಿ, ನೀವೇ ಕೈ ಹಾಕಲೂ ಬೇಡಿ. ಹಾವು ಹಿಡಿಯುವವರನ್ನು ಕರೆಯಿರಿ.

ದಾರ ಯಾವುದರದು ಎಂಬುದು ಎರಡನೆಯ ಪ್ರಶ್ನೆ. ನೈಲಾನ್ ಗಟ್ಟಿ, ಆದರೆ ನೀರು ಹೀರುತ್ತದೆ. ಮಳೆಯಲ್ಲಿ ನೆನೆದಾಗ ಹಿಗ್ಗಿ ಜೋಲುತ್ತದೆ. ಪಾಲಿಪ್ರೊಪಿಲೀನ್ ನೀರು ಹೀರುವುದಿಲ್ಲ, ಆದರೆ ಬಿಸಿಲು ಅದರ ಶತ್ರು. ಸೂರ್ಯನ ನೇರಳಾತೀತ ಕಿರಣ ಅದರ ಉದ್ದನೆಯ ಅಣುಸರಪಳಿಗಳನ್ನು ಕಡಿಯುತ್ತ ಹೋಗುತ್ತದೆ. ಅದಕ್ಕೆ ತಡೆಯೊಡ್ಡುವ ರಾಸಾಯನಿಕ ಬೆರೆಸದೆ ಮಾಡಿದ ಅಗ್ಗದ ಬಲೆ ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಎರಡನೆಯ ಬೆಳೆ ಕಾಣುವುದು ಕಷ್ಟ. ‘ಯುವಿ ಸ್ಟೆಬಿಲೈಸ್ಡ್’ ಎಂದು ಬರೆದಿದೆಯೇ ನೋಡಿ. ಕಪ್ಪು ದಾರವಾದರೆ ಒಳ್ಳೆಯದು. ಅದಕ್ಕೆ ಬೆರೆಸುವ ಮಸಿಯೇ ಬಿಸಿಲನ್ನು ತಡೆಯುತ್ತದೆ. ನೀರಿನ ಟ್ಯಾಂಕು, ಹನಿ ನೀರಾವರಿ ಪೈಪು ಕಪ್ಪಗಿರುವುದೂ ಅದೇ ಕಾರಣಕ್ಕೆ. ಹಳೆಯ ಬಲೆಗೆ ಇನ್ನೂ ಆಯುಸ್ಸು ಇದೆಯೇ ಎಂದು ತಿಳಿಯಲು ದಾರವನ್ನು ಎರಡು ಬೆರಳ ನಡುವೆ ಉಜ್ಜಿ ನೋಡಬೇಕು. ಬಿಳಿ ಪುಡಿ ಉದುರಿದರೆ, ಬಗ್ಗಿಸಿದಾಗ ಚಿಟಕ್ಕೆಂದರೆ, ಅದರ ಕತೆ ಮುಗಿಯಿತು. ಅದನ್ನೇ ಇನ್ನೊಂದು ಬೆಳೆಗೆ ಕಟ್ಟಿದರೆ ಉದುರುವ ಚೂರುಗಳೆಲ್ಲ ನೀವು ಸೊಪ್ಪು ಬೆಳೆಯುವ ಮಣ್ಣಿಗೇ ಸೇರುತ್ತವೆ.

ಬಲೆಗಿಂತ ಮೊದಲು ಬೀಜದ ಪೊಟ್ಟಣ ಓದಬೇಕು. ಬಳ್ಳಿಯೇ ಆಗದ ಬೆಳೆಗೆ ಬಲೆ ಕಟ್ಟಿ ಕಾಯುವವರಿದ್ದಾರೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಬೀನ್ಸ್ ತಳಿಗಳಲ್ಲಿ ಅರ್ಕಾ ಕೋಮಲ್ ಗಿಡದ ಜಾತಿ, ಅರ್ಕಾ ಸುಕೋಮಲ್ ಬಳ್ಳಿಯ ಜಾತಿ; ‘ಸು’ ಒಂದನ್ನು ಓದದಿದ್ದರೆ ಆಸರೆಯ ಲೆಕ್ಕವೆಲ್ಲ ತಲೆಕೆಳಗು. ಅವರೆಯಲ್ಲೂ ಅಷ್ಟೇ. ಹಿಂದಿನವರ ಚಪ್ಪರದ ಅವರೆ ಹಗಲು ಕಿರಿದಾಗುವವರೆಗೆ ಹೂ ಬಿಡದೆ ಬರೀ ಹಬ್ಬುತ್ತಿತ್ತು, ಹಾಗಾಗಿ ಅದಕ್ಕೆ ಚಪ್ಪರವೇ ಬೇಕಿತ್ತು. ಅರ್ಕಾ ಜಯ್, ಅರ್ಕಾ ವಿಜಯ್, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4 ಇವೆಲ್ಲ ಗಿಡ್ಡ ತಳಿಗಳು, ಯಾವ ಕಾಲದಲ್ಲಿ ಬಿತ್ತಿದರೂ ಹೂ ಬಿಡುತ್ತವೆ, ಬಲೆಯ ಹಂಗಿಲ್ಲ. ಮೊಳಕೈಗಿಂತ ಉದ್ದ ಕಾಯಿ ಬಿಡುವ ಅಲಸಂದೆ ಅರ್ಕಾ ಮಂಗಳಾ ಮಾತ್ರ ಬಲೆ ಕೊಟ್ಟರೆ ಮುಗಿಲಿಗೇ ಹೊರಟೇನು ಎನ್ನುತ್ತದೆ.

ಭಾರದ ಕಾಯಿಗಳಿಗೆ ಬಲೆ ತರವಲ್ಲ. ಬೂದುಗುಂಬಳ, ಸಿಹಿಗುಂಬಳವನ್ನು ತಿಪ್ಪೆಯ ಮೇಲೋ ಬೇಲಿಯ ಮೇಲೋ ಹಬ್ಬಿಸುತ್ತಿದ್ದ ನಮ್ಮವರಿಗೆ ತಿಳಿವಳಿಕೆ ಇತ್ತು. ಸೋರೆಗೆ ಬೇಕಾದದ್ದು ಗಟ್ಟಿ ಗಳದ ಚಪ್ಪರ. ಪಡವಲದ್ದು ಬೇರೆ ತಕರಾರು. ಅದರ ಕಾಯಿ ಅಡೆತಡೆಯಿಲ್ಲದೆ ಜೋತುಬಿದ್ದರೆ ಮಾತ್ರ ನೇರವಾಗುತ್ತದೆ. ಹಾಗೂ ಸೊಟ್ಟಗಾಗುವುದನ್ನು ನೇರ ಮಾಡಲು ತುದಿಗೆ ಚಿಕ್ಕ ಕಲ್ಲು ಕಟ್ಟುತ್ತಾರೆ. ನೆಟ್ಟಗೆ ನಿಂತ ಬಲೆಯಲ್ಲಿ ಅದು ಕಣ್ಣಿಂದ ಕಣ್ಣಿಗೆ ನುಸುಳಿ ಹೆಣೆದುಕೊಂಡು ಕೂರುತ್ತದೆ. ಪಡವಲ ಬೆಳೆಯುವ ಆಸೆಯಿದ್ದರೆ ಬಲೆಯನ್ನು ತಲೆಯ ಮೇಲೆ ಚಪ್ಪರದಂತೆ ಅಡ್ಡ ಎಳೆದು ಕಟ್ಟಿ, ಕಾಯಿ ಕೆಳಗೆ ಇಳಿಯಲು ಬಿಡಿ. ಹೀರೆ, ಹಾಗಲ, ಸೌತೆ, ಬೀನ್ಸ್, ಅಲಸಂದೆ, ಬಟಾಣಿ ಈ ಆರಕ್ಕೆ ನೆಟ್ಟಗಿನ ಬಲೆ ಹೇಳಿಮಾಡಿಸಿದಂತಿರುತ್ತದೆ.

ನೆಟ್ಟಗಿನ ಬಲೆಯ ಲಾಭ ಕಾಯಿ ಕೊಯ್ಯುವಾಗ ಮಾತ್ರವಲ್ಲ, ಹೂ ಬಿಡುವಾಗಲೂ ಗೊತ್ತಾಗುತ್ತದೆ. ನಾಲ್ಕನೆಯ ಮಹಡಿಯ ತಾರಸಿಗೆ ಜೇನು ಬರುವುದು ಕಡಿಮೆ. ಹೆಣ್ಣು ಹೂವಿಗೆ ಗಂಡು ಹೂವನ್ನು ನಾವೇ ತಾಕಿಸಬೇಕಾಗುತ್ತದೆ. ಹಾಗಲ, ಸೌತೆಯ ಹೂ ಬೆಳಿಗ್ಗೆ ಅರಳುತ್ತವೆ, ಕಾಫಿ ಲೋಟ ಹಿಡಿದುಕೊಂಡೇ ಆ ಕೆಲಸ ಮುಗಿಸಬಹುದು. ಹೀರೆಯದು ಹಾಗಲ್ಲ. ಅದರ ಹಳದಿ ಹೂ ಬಿಚ್ಚಿಕೊಳ್ಳುವುದು ಸಂಜೆ. ಬೆಳಿಗ್ಗೆ ಹೋಗಿ ಬಾಡಿದ ಹೂ ನೋಡಿ ‘ನಮ್ಮ ಹೀರೆ ಮಿಡಿ ಕಟ್ಟುವುದೇ ಇಲ್ಲ’ ಎನ್ನುವವರು ಸಂಜೆ ಆರಕ್ಕೆ ಒಮ್ಮೆ ಮಹಡಿ ಹತ್ತಲಿ. ಹೂಗಳೆಲ್ಲ ಕಣ್ಣಿನ ಮಟ್ಟದಲ್ಲಿ, ಬಲೆಯ ಒಂದೇ ಮುಖದಲ್ಲಿ ಸಿಗುತ್ತವೆ. ಕಾಯಿಯಂತೆ ಬುಡ ಉಬ್ಬಿರುವುದು ಹೆಣ್ಣು, ಬರೀ ತೊಟ್ಟಿರುವುದು ಗಂಡು.

ಕಟ್ಟುವ ಕೆಲಸದಲ್ಲಿ ನನ್ನ ಹಟ ಒಂದೇ: ಬಲೆಯ ದಾರವನ್ನು ಯಾವ ಕಂಬಕ್ಕೂ ನೇರವಾಗಿ ಗಂಟು ಹಾಕಬಾರದು. ಎರಡು ಕಂಬ ನಿಲ್ಲಿಸಿ, ಬಿದಿರೋ ಸರ್ವೆಯೋ ಜಿ.ಐ. ಪೈಪೋ ಏನಾದರೂ ಆಗಲಿ, ಮೇಲ್ಗಡೆ ಒಂದು ಜಿ.ಐ. ತಂತಿಯನ್ನು ಬಿಗಿಯಾಗಿ ಎಳೆದು ಕಟ್ಟಿ. ಭಾರ ಹೊರುವುದು ಈ ತಂತಿ, ಬಲೆಯಲ್ಲ. ಬಲೆಯ ಮೇಲಂಚಿನ ಕಣ್ಣುಗಳೊಳಗೆ ಒಂದು ಸಣ್ಣ ಬಿದಿರು ಗಳವನ್ನು ಒಂದು ಬಿಟ್ಟು ಒಂದರಂತೆ ಪೋಣಿಸಿ, ಆ ಗಳವನ್ನು ತಂತಿಗೆ ಸೆಣಬಿನ ಸುತಳಿಯಿಂದ ಕಟ್ಟಿ. ಜೀರುಗುಣಿಕೆ ಹಾಕಿದರೆ ಬಿಚ್ಚುವಾಗ ಒಂದು ಎಳೆತಕ್ಕೆ ಬರುತ್ತದೆ. ಪಕ್ಕದ ಅಂಚುಗಳಿಗೂ ಸುತಳಿಯೇ. ಕೇಬಲ್ ಟೈ, ಬೈಂಡಿಂಗ್ ವೈರ್ ಎರಡೂ ಬೇಡ: ಮೊದಲನೆಯದನ್ನು ಕತ್ತರಿಸುವಾಗ ಬಲೆಯ ದಾರಕ್ಕೂ ಕತ್ತರಿ ಬೀಳುತ್ತದೆ, ಎರಡನೆಯದು ಗಾಳಿಗೆ ಉಜ್ಜಿ ಉಜ್ಜಿ ದಾರವನ್ನೇ ತಿನ್ನುತ್ತದೆ. ಬಿಚ್ಚುವ ದಿನ ಗಳ ಸಮೇತ ಇಳಿಸಿದರೆ ಬಲೆ ಸಿಕ್ಕಾಗದೆ ಬರುತ್ತದೆ. ಹತ್ತು ರೂಪಾಯಿಯ ಸುತಳಿ ಬಲೆಯ ಆಯುಸ್ಸನ್ನು ಕಾಯುತ್ತದೆ.

ಎತ್ತರ ನಿಮ್ಮ ಕೈಗೆ ಎಟುಕುವಷ್ಟು. ಬಳ್ಳಿ ಮೇಲಂಚು ಮುಟ್ಟಿದಾಗ ಅದರ ತುದಿಯ ಚಿಗುರು ಚಿವುಟಿದರೆ ಪಕ್ಕದ ಕವಲುಗಳು ಒಡೆಯುತ್ತವೆ. ಸೋರೆ, ಹಾಗಲದಂಥ ಬಳ್ಳಿಗಳಲ್ಲಿ ಹೆಣ್ಣು ಹೂ ಹೆಚ್ಚು ಬರುವುದು ಆ ಕವಲುಗಳಲ್ಲೇ, ಹಾಗಾಗಿ ಚಿವುಟಿದ್ದಕ್ಕೆ ಬೇಸರ ಪಡಬೇಕಿಲ್ಲ. ಸಾಲು ಉತ್ತರ-ದಕ್ಷಿಣವಾಗಿದ್ದರೆ ಬೆಳಗಿನ ಬಿಸಿಲು ಒಂದು ಮುಖಕ್ಕೆ, ಸಂಜೆಯದು ಇನ್ನೊಂದಕ್ಕೆ ಸಿಗುತ್ತದೆ. ಬಲೆಯನ್ನು ಬೀಜ ಊರುವ ಮೊದಲೇ ಕಟ್ಟುವುದು ಒಳ್ಳೆಯದು; ಬಳ್ಳಿ ನೆಲದ ಮೇಲೆ ಮಾರುದ್ದ ಹರಿದ ಮೇಲೆ ಎತ್ತಿ ಕಟ್ಟಲು ಹೋದರೆ ಅರ್ಧ ಕುಡಿ ಮುರಿಯುತ್ತದೆ. ಇನ್ನು ಗಾಳಿ. ಎಲೆ ತುಂಬಿಕೊಂಡ ಬಲೆ ಹಾಯಿಯಂತೆ ಗಾಳಿ ಹಿಡಿಯುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಗಾಳಿಗೆ ಗ್ರೋ ಬ್ಯಾಗಿನಲ್ಲಿ ಊರಿದ ಕಂಬ ಬ್ಯಾಗಿನ ಸಮೇತ ಮಗುಚಿ ಬೀಳುವುದುಂಟು. ಕಂಬವನ್ನು ಪ್ಯಾರಾಪೆಟ್ ಗೋಡೆಗೆ ಕ್ಲ್ಯಾಂಪ್ ಹಾಕಿ ನಿಲ್ಲಿಸಬೇಕು, ಇಲ್ಲವೇ ಸಿಮೆಂಟ್ ತುಂಬಿದ ಡಬ್ಬದಲ್ಲಿ. ಬಳ್ಳಿ ತನ್ನ ಮಟ್ಟಿಗೆ ಗಾಳಿಗೆ ಸಿದ್ಧವಾಗಿಯೇ ಇರುತ್ತದೆ. ಡಾರ್ವಿನ್ ಬಿರುಗಾಳಿ ಬೀಸುವಾಗ ಬೇಕೆಂದೇ ಹೊರಗೆ ಹೋಗಿ, ಬೇಲಿಯ ಮೇಲಿನ ಬ್ರಯೊನಿ ಬಳ್ಳಿ ತನ್ನ ಸುರುಳಿಗಳ ಮೇಲೆ ಜೀಕುತ್ತ ಸುರಕ್ಷಿತವಾಗಿ ಉಳಿದದ್ದನ್ನು ನೋಡಿಬಂದಿದ್ದ. ಉರುಳುವುದು ನಮ್ಮ ಕಂಬ, ಅದರ ಕುಡಿಯಲ್ಲ.

ಇನ್ನು ಬಿಚ್ಚುವ ದಿನ. ಕಾಯಿ ನಿಂತಿತು, ಎಲೆಗೆ ಬೂದಿ ರೋಗ ಬಂತು, ಇನ್ನು ಸಾಕು ಎನಿಸಿದಾಗ ಬಳ್ಳಿಯನ್ನು ಬುಡದಲ್ಲಿ ಕತ್ತರಿಸಿ. ಅಷ್ಟೇ ಮಾಡಿ ಸುಮ್ಮನಿರಿ. ಹಸಿ ಬಳ್ಳಿ ಬಿಡಿಸುವುದು ಮೂರ್ಖತನ. ಕಾಂಡ ರಬ್ಬರಿನ ಹಾಗೆ ಬಾಗುತ್ತದೆ, ಎಲೆ ಜಜ್ಜಿಹೋಗುತ್ತದೆ, ರಸವೆಲ್ಲ ದಾರಕ್ಕೆ ಮೆತ್ತಿಕೊಳ್ಳುತ್ತದೆ. ಬಿಸಿಲಿದ್ದರೆ ಒಂದೆರಡು ವಾರದಲ್ಲಿ ಎಲೆ ಹಪ್ಪಳವಾಗುತ್ತದೆ, ಕಾಂಡ ಕೈಯಲ್ಲಿ ಹಿಡಿದರೆ ಲಟಲಟ ಮುರಿಯುತ್ತದೆ. ಆಗ ಬಲೆಯನ್ನು ಗಳ ಸಮೇತ ಇಳಿಸಿ, ಕೆಳಗೊಂದು ಹಳೆಯ ಟಾರ್ಪಾಲು ಹಾಸಿ, ಅದರ ಮೇಲೆ ಹರಡಿ. ಬರಿಗೈಯಲ್ಲಿ ಉಜ್ಜಿದರೆ ಎಲೆಯೆಲ್ಲ ಪುಡಿಯಾಗಿ ಉದುರುತ್ತದೆ. ಕಾಂಡವನ್ನು ಗೇಣುದ್ದದ ತುಂಡುಗಳಾಗಿ ಕತ್ತರಿಸುತ್ತ ಹೋಗಿ. ಉದ್ದದ ಕಾಂಡ ಹತ್ತು ಕಣ್ಣು ದಾಟಿ ಹೆಣೆದುಕೊಂಡಿರುತ್ತದೆ, ತುಂಡು ತಾನಾಗಿ ಜಾರಿ ಬೀಳುತ್ತದೆ. ಕೊನೆಗೆ ಉಳಿಯುವುದು ಕುಡಿಗಳ ಉಂಗುರ, ದಾರದ ಮೇಲೆ ಕಂದು ಬಣ್ಣದ ಗಟ್ಟಿ ಸುತ್ತುಗಳು. ಅವನ್ನು ಒಂದೊಂದಾಗಿ ಬಿಡಿಸುತ್ತ ಕೂರಬೇಡಿ. ಸಣ್ಣ ನಾಲ್ಕು ಉಳಿದರೆ ಆಕಾಶ ಬೀಳುವುದಿಲ್ಲ. ನೀರಿನಲ್ಲಿ ರಾತ್ರಿ ನೆನೆಸಿ ಮರುದಿನ ಬಕೆಟ್ಟಿನಲ್ಲಿ ಕುಕ್ಕಿದರೆ ಒಂದಿಷ್ಟು ತಾವಾಗಿಯೇ ಬಿಡುತ್ತವೆ. ಉದುರಿದ ಪುಡಿ ಕಾಂಪೋಸ್ಟಿಗೆ. ಟಾರ್ಪಾಲು ಹಾಸುವುದು ಅದಕ್ಕೇ: ಹರಿದ ದಾರದ ತುಂಡು ಗೊಬ್ಬರಕ್ಕೆ ಸೇರುವ ಮೊದಲು ಕಣ್ಣಿಗೆ ಬೀಳುತ್ತದೆ.

ರೋಗದ ಬಗ್ಗೆ ಅತಿ ಭಯವೂ ಬೇಡ, ಅಸಡ್ಡೆಯೂ ಬೇಡ. ಬೂದಿ ರೋಗದ ಶಿಲೀಂಧ್ರ ಜೀವಂತ ಎಲೆಯ ಮೇಲೆ ಬದುಕುವಂಥದು, ಒಣ ನೈಲಾನಿನ ಮೇಲೆ ಅದಕ್ಕೆ ಅನ್ನವಿಲ್ಲ. ಹಾಗಲ, ಹೀರೆಗೆ ಬರುವ ಮೊಸಾಯಿಕ್ ನಂಜನ್ನು ಹೆಚ್ಚಾಗಿ ತರುವುದು ಬಿಳಿನೊಣ, ಸಸ್ಯಹೇನು, ಬಲೆಯಲ್ಲ. ಬೀನ್ಸಿನ ಚಿಬ್ಬು ರೋಗ ಮಾತ್ರ ಒಣ ಕಸದಲ್ಲಿ ಉಳಿದುಕೊಂಡು ಮುಂದಿನ ಬೆಳೆಗೆ ಕಾಯುತ್ತದೆ. ಟೊಮೆಟೊ ಕಟ್ಟಿದ ಬಲೆಯಾಗಿದ್ದರೆ ಇನ್ನೂ ಎಚ್ಚರ ಬೇಕು, ತಂಬಾಕಿನ ಮೊಸಾಯಿಕ್ ವೈರಸ್ ಒಣಗಿದ ಎಲೆಚೂರಿನಲ್ಲೂ ಕೋಲು ಹಗ್ಗಗಳ ಮೇಲೂ ಬಹುಕಾಲ ಬದುಕುತ್ತದೆ. ಬಲೆಯನ್ನು ಸೋಪು ನೀರಿನಲ್ಲಿ ತೊಳೆದು, ಅಂಗಡಿಯ ಬ್ಲೀಚ್ ದ್ರಾವಣ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಅದರಲ್ಲಿ ಅರ್ಧ ಗಂಟೆ ಅದ್ದಿಟ್ಟು, ಚೆನ್ನಾಗಿ ಜಾಲಿಸಿ ಒಣಗಿಸಿದರೆ ಸಾಕು. ಮೊದಲು ಕಸ ಹೋಗಬೇಕು, ಆಮೇಲೆ ಬ್ಲೀಚು. ಎಲೆಚೂರು ಮೆತ್ತಿಕೊಂಡಿದ್ದರೆ ಬ್ಲೀಚು ಅದರ ಮೇಲೆಯೇ ಖರ್ಚಾಗಿ ಹೋಗುತ್ತದೆ. ಒಣಗಿದ ಮೇಲೆ ಬಲೆಯನ್ನು ಅದರ ಗಳಕ್ಕೇ ಸುತ್ತಿ, ಎರಡು ಕಡೆ ಬಟ್ಟೆಪಟ್ಟಿ ಕಟ್ಟಿ, ನೆರಳಿನಲ್ಲಿ ತೂಗುಹಾಕಬೇಕು. ಮೂಲೆಯಲ್ಲಿ ಮಡಚಿಟ್ಟರೆ ಇಲಿಗೆ ಒಳ್ಳೆಯ ಹಾಸಿಗೆ.

ಇಷ್ಟೆಲ್ಲ ಓದಿ ‘ಸಾಕಪ್ಪಾ ನಿಮ್ಮ ಬಲೆ’ ಎನಿಸಿದವರಿಗೂ ದಾರಿ ಇದೆ. ಸೆಣಬಿನ ಸುತಳಿಯಲ್ಲೇ ಮೇಲಿನ ತಂತಿಯಿಂದ ಕೆಳಕ್ಕೆ ಸಾಲಾಗಿ ಹುರಿ ಇಳಿಬಿಟ್ಟು, ಅಡ್ಡಕ್ಕೆ ಒಂದು ಮೊಳಕ್ಕೊಂದರಂತೆ ಗಂಟು ಹಾಕಿಕೊಂಡು ಹೋದರೆ ಅದೇ ಬಲೆ. ನಾಲ್ಕು ತಿಂಗಳ ಬೀನ್ಸ್, ಸೌತೆಗೆ ಅದು ಧಾರಾಳವಾಗಿ ಸಾಕು, ಬೆಳೆ ಮುಗಿದ ಮೇಲೆ ಬಳ್ಳಿ ಸಮೇತ ಕತ್ತರಿಸಿ ಕಾಂಪೋಸ್ಟಿಗೆ ಹಾಕಬಹುದು. ಮಳೆಗಾಲದಲ್ಲಿ ಮಾತ್ರ ಸೆಣಬು ಬೇಗ ಕೊಳೆಯುತ್ತದೆ. ಮಲೆನಾಡು, ಕರಾವಳಿಯವರು ತೆಂಗಿನ ನಾರಿನ ಹಗ್ಗ ಬಳಸಲಿ, ಅದು ಮಳೆಗೆ ಹೆಚ್ಚು ಕಾಲ ತಡೆಯುತ್ತದೆ. ಮರುಬಳಕೆಯ ಬಲೆ ಮೇಲೋ ಒಂದೇ ಬೆಳೆಗೆ ಮುಗಿಯುವ ಸುತಳಿ ಮೇಲೋ ಎಂದು ಕೇಳಿದರೆ, ಬಲೆ ಬಿಡಿಸಲು ತಾಳ್ಮೆಯಿಲ್ಲದವರ ಮನೆಯಲ್ಲಿ ಸುತಳಿಯೇ ಮೇಲು ಎಂದೇನು. ಎರಡನೆಯ ಸಲ ಬಳಸದ ಬಲೆಗಿಂತ ದುಬಾರಿಯಾದದ್ದು ತೋಟದಲ್ಲಿ ಬೇರೊಂದಿಲ್ಲ.

ಬಸಳೆ, ತೊಂಡೆ, ಸೀಮೆಬದನೆಗೆ ಎರಡೂ ಬೇಡ. ಇವು ಒಂದು ಕಾಲಕ್ಕೆ ಮುಗಿಯುವ ಬಳ್ಳಿಗಳಲ್ಲ. ವರ್ಷಗಟ್ಟಲೆ ನಿಲ್ಲುತ್ತವೆ, ವರ್ಷದಿಂದ ವರ್ಷಕ್ಕೆ ಭಾರವಾಗುತ್ತವೆ, ಬಲೆ ಬಿಚ್ಚುವ ದಿನ ಬರುವುದೇ ಇಲ್ಲ. ದಕ್ಷಿಣ ಕನ್ನಡದ ಮನೆಯಂಗಳದ ಬಸಳೆ ಚಪ್ಪರಕ್ಕೆ ಅಡಿಕೆ ಮರದ ಸಲಾಕೆ ಹಾಕುವುದು, ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿಗೆ ಕಲ್ಲುಕಂಬದ ಮೇಲೆ ತಂತಿಯ ಚಪ್ಪರ ಎಳೆಯುವುದು ಈ ಲೆಕ್ಕದಲ್ಲೇ. ತಾರಸಿಯಲ್ಲಿ ತೊಂಡೆ ಬೇಕೆಂದರೆ ನಾಲ್ಕು ಕಬ್ಬಿಣದ ಪೈಪು ನಿಲ್ಲಿಸಿ, ಮೇಲೆ ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ಮೊಳಕ್ಕೊಂದರಂತೆ ಅಡ್ಡ ಉದ್ದ ಎಳೆಸಿ. ಬೆಸುಗೆಯವನಿಗೆ ಎತ್ತರ ಹೇಳುವಾಗ, ಬಿದ್ದ ಎಲೆ ಗುಡಿಸಲು ಮನೆಯಲ್ಲಿ ಎಲ್ಲರಿಗಿಂತ ಎತ್ತರದವರು ತಲೆ ಬಗ್ಗಿಸದೆ ಕೆಳಗೆ ಓಡಾಡುವಂತಿರಲಿ ಎಂದು ಹೇಳುವುದನ್ನು ಮರೆಯಬೇಡಿ.